ಹೊಸ್ತಿಲಾಚೆಯ ನಾಯಕ

ಕಳೆದ ಸಲ ಗೌರಿಹಬ್ಬಕ್ಕೆಂದು ಮೈಸೂರಿನಿಂದ ಬಂದ ನಮ್ಮ ಸೋದರತ್ತೆ, ಹಬ್ಬ ಮುಗಿದು ಹತ್ತು ದಿನವಾದರೂ ಊರಿಗೆ ಹೊರಡುವ ಮಾತೆತ್ತಲಿಲ್ಲ. ನಮಗೆ ಸಂತೋಷವೇ. ಎಪ್ಪತ್ತೊಂಬತ್ತರ ವಯಸ್ಸಿನಲ್ಲೂ ಬೆಳಗಿನ ಐದಕ್ಕೆ ಎದ್ದು ಸ್ನಾನ ಮುಗಿಸಿ ದೇವರಿಗೆ ದೀಪ ಹಚ್ಚುವ ಹಿರಿಯರೊಬ್ಬರಿದ್ದರೆ ಮನೆಗೊಂದು ಕಳೆ. ಆದರೆ ಅವರು ನಿಂತದ್ದು ನಮ್ಮ ಮೇಲಿನ ಅಕ್ಕರೆಯೊಂದರಿಂದಲೇ ಅಲ್ಲವೆಂಬುದು ಒಂದು ರಾತ್ರಿ ತಿಳಿಯಿತು. ಹನ್ನೊಂದರ ಮೇಲೆ ನೀರು ಕುಡಿಯಲೆಂದು ಎದ್ದವನಿಗೆ ನಡುಮನೆಯಲ್ಲಿ ಬೆಳಕು ಕಂಡಿತು. ಅತ್ತೆ ಕಪ್ಪು ರಟ್ಟಿನ ದಪ್ಪ ಪುಸ್ತಕವೊಂದರಲ್ಲಿ ಮುಳುಗಿದ್ದರು. ಭಾಗವತವಿರಬೇಕೆಂದು ಹತ್ತಿರ ಹೋಗಿ ನೋಡಿದೆ. ಅಮೆರಿಕದ ಸ್ಟೆಫನಿ ಮೇಯರ್ ಎಂಬಾಕೆ ಬರೆದ 'ಟ್ವೈಲೈಟ್' ಮಾಲೆಯ ಮೂರನೆಯ ಸಂಪುಟ! ನಾಯಕ ನೆತ್ತರು ಕುಡಿದು ಬದುಕುವ ಪಿಶಾಚಿ. ಅವನಿಗೆ ಪ್ರತಿಸ್ಪರ್ಧಿಯಾದ ಹುಡುಗ ತೋಳನಾಗಿ ಮಾರ್ಪಡುವವನು.

"ಇದೇನತ್ತೆ, ಈ ವಯಸ್ಸಿನಲ್ಲಿ?" ಎಂದೆ.

ಅವರು ಪುಟದ ನಡುವೆ ಬೆರಳಿಟ್ಟು ತಲೆಯೆತ್ತಿದರು. "ಹುಡುಗಿಯಾಗಿದ್ದಾಗ ನಮ್ಮಪ್ಪ 'ಈ ವಯಸ್ಸಿನಲ್ಲಿ ಇದೆಲ್ಲ ಓದಬಾರದು' ಅಂದ್ರು. ಈಗ ನೀನೂ ಅದನ್ನೇ ಅಂತೀಯ. ಹಾಗಾದ್ರೆ ಓದೋ ವಯಸ್ಸು ಯಾವುದು ಅಂತ ನೀನೇ ಹೇಳಿಬಿಡಪ್ಪ."

ಉತ್ತರ ಹೊಳೆಯದೆ, ತೆಪ್ಪಗೆ ನೀರು ಕುಡಿದು ಹೋಗಿ ಮಲಗಿದೆ.

ಪುಸ್ತಕ ಕೊಟ್ಟವಳು ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳೆಂದು ಬೆಳಿಗ್ಗೆ ಗೊತ್ತಾಯಿತು. ಅತ್ತೆ ಮದುವೆಯಾದ ಮೇಲೆ ಖಾಸಗಿಯಾಗಿ ಓದಿ ಪದವಿ ಪಡೆದು, ಇಂಗ್ಲಿಷ್ ಕಲಿಸುವ ಉಪಾಧ್ಯಾಯಿನಿಯಾಗಿ ನಿವೃತ್ತರಾದವರು. ಭಾಷೆ ಅವರಿಗೆ ತೊಡಕಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಎಲ್ಲ ಭಾಗಗಳೂ ಬಂದಿವೆಯೋ? ಬಂದಿಲ್ಲದಿದ್ರೆ ನನಗೆ ಮೊದಲನೆಯದೂ ಬೇಡ." ಈ ಪಟ್ಟಿನ ಕಾರಣ ನನಗೆ ತಿಳಿದದ್ದು ಆಮೇಲೆ.

ಈ ಬಗೆಯ ಪುಸ್ತಕಗಳ ಪರಿಚಯವಿಲ್ಲದ ವಾಚಕರಿಗಾಗಿ ಕೆಲವು ಮಾತು ಹೇಳಬೇಕು. ಲಂಡನ್ನಿನಲ್ಲಿ ೧೯೦೮ರಲ್ಲಿ ಮಿಲ್ಸ್ ಮತ್ತು ಬೂನ್ ಎಂಬಿಬ್ಬರು ಆರಂಭಿಸಿದ ಪ್ರಕಾಶನದ ಹೆಸರು, ಬೆಂಗಳೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಒಮ್ಮೆಯಾದರೂ ಕಾಲಿಟ್ಟವರಿಗೆ ಹೊಸದಲ್ಲ. (ಆ ಪುಸ್ತಕಗಳಿಗೆ ವೃತ್ತಪತ್ರಿಕೆಯ ಹೊದಿಕೆ ಹಾಕಿ ಕಾಲೇಜಿಗೆ ಒಯ್ಯುತ್ತಿದ್ದವರಲ್ಲಿ ಅನೇಕರು ಈಗ ಅಜ್ಜಿಯರು, ಹೆಸರು ಹೇಳುವುದಿಲ್ಲ.) ಅಲ್ಲಿನ ನಾಯಕ ವೈದ್ಯನೋ, ಜಮೀನುದಾರನೋ, ಗ್ರೀಸ್ ದೇಶದ ಧನಿಕನೋ ಆಗಿರುತ್ತಿದ್ದ. ದೆವ್ವಭೂತಗಳು ಇದ್ದದ್ದು ಬೇರೆ ಕಪಾಟಿನಲ್ಲಿ. ಬ್ರಾಂ ಸ್ಟೋಕರನ 'ಡ್ರಾಕುಲಾ' ೧೮೯೭ರಲ್ಲಿ ಪ್ರಕಟವಾದಾಗ ರಕ್ತಪಿಶಾಚಿಯೆಂದರೆ ನಾಯಿಕೆಯನ್ನು ಯಾರಿಂದ ರಕ್ಷಿಸಬೇಕೋ ಅವನು, ಕೊನೆಗೆ ಕೊಲ್ಲಬೇಕಾದವನು. ೧೯೭೬ರಲ್ಲಿ ಆನ್ ರೈಸ್ ಎಂಬ ಲೇಖಕಿ ಆ ಪಿಶಾಚಿಯ ಬಾಯಿಂದಲೇ ಅವನ ದುಃಖವನ್ನು ಹೇಳಿಸಿದಳು. ದುಃಖ ಹೇಳಿಕೊಳ್ಳುವ ಗಂಡಸನ್ನು ಪ್ರೀತಿಸಲು ಇನ್ನೆಷ್ಟು ಹೊತ್ತು? ಮುಂದಿನ ಕಾಲು ಶತಮಾನದಲ್ಲಿ ಎರಡು ಕಪಾಟುಗಳೂ ಒಂದಾದವು.

ಸ್ಟೆಫನಿ ಮೇಯರ್ ಅರಿಜೋನಾ ಪ್ರಾಂತದ ಗೃಹಿಣಿ. ಮೂವರು ಚಿಕ್ಕ ಗಂಡುಮಕ್ಕಳ ತಾಯಿ. ೨೦೦೩ರ ಜೂನ್ ೨ರಂದು ಕಂಡ ಒಂದು ಕನಸನ್ನು ಬರೆಯಲು ಕೂತು, ಮೂರು ತಿಂಗಳಲ್ಲಿ ಕಾದಂಬರಿಯನ್ನೇ ಮುಗಿಸಿದಳು. ೨೦೦೫ರಿಂದ ೨೦೦೮ರ ತನಕ ನಾಲ್ಕು ಸಂಪುಟ ಹೊರಬಂದವು. ಜಗತ್ತಿನಾದ್ಯಂತ ಹತ್ತು ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದವು. ನಾಯಕ ಎಡ್ವರ್ಡ್ ೧೯೧೮ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಸಾಯಬೇಕಾಗಿದ್ದ ಹದಿನೇಳರ ಹುಡುಗ. ಪಿಶಾಚಿಯಾಗಿ ಉಳಿದವನು ಅಂದಿನಿಂದಲೂ ಹದಿನೇಳರಲ್ಲೇ ನಿಂತಿದ್ದಾನೆ. ಮನುಷ್ಯರ ರಕ್ತ ಮುಟ್ಟುವುದಿಲ್ಲ, ಕಾಡುಪ್ರಾಣಿಗಳ ರಕ್ತದಲ್ಲೇ ತೃಪ್ತ. ಅವನ ಮನೆಯವರು ತಮ್ಮನ್ನು ಸಸ್ಯಾಹಾರಿಗಳೆಂದು ತಮಾಷೆಗೆ ಕರೆದುಕೊಳ್ಳುತ್ತಾರೆ. ಈ ಮಾತಿಗೆ ನಮ್ಮತ್ತೆ ನಕ್ಕದ್ದು ಅಡಿಗೆಮನೆಯ ತನಕ ಕೇಳಿಸಿತು.

ಈ ಕಥೆಯನ್ನು ನಾನು ಮನಃಪೂರ್ವಕವಾಗಿ ಹೊಗಳಲಾರೆ. ಎಡ್ವರ್ಡ್ ಹುಡುಗಿಗೆ ತಿಳಿಸದೆ, ರಾತ್ರಿಯ ಹೊತ್ತು ಅವಳ ಕೋಣೆ ಹೊಕ್ಕು, ಅವಳು ನಿದ್ರಿಸುವುದನ್ನು ನೋಡುತ್ತ ನಿಲ್ಲುತ್ತಾನೆ. ಲೇಖಕಿ ಇದನ್ನು ಪ್ರೇಮವೆಂದೇ ತೋರಿಸುತ್ತಾಳೆ. ಮಗಳನ್ನು ಕೇಳಿದೆ. "ಕಥೆಯಲ್ಲಿ ಪರವಾಗಿಲ್ಲಪ್ಪ. ನಮ್ಮ ಬೀದಿಯಲ್ಲಾದ್ರೆ ಪೊಲೀಸರಿಗೆ ಫೋನ್ ಮಾಡ್ತೀನಿ" ಎಂದಳು. ಇಂಥ ಪುಸ್ತಕಗಳಿಂದ ಹುಡುಗಿಯರ ತಲೆ ಕೆಡುತ್ತದೆಂದು ಚಿಂತಿಸುವ ಪೋಷಕರು ಈ ಉತ್ತರವನ್ನು ಗಮನಿಸಬಹುದು.

ಅತ್ತೆಗೆ ನಿಜವಾಗಿ ಮನಸೋತದ್ದು ಇನ್ನೊಂದು ಮಾಲೆ. ಶಾರ್ಲೇನ್ ಹ್ಯಾರಿಸ್ ಎಂಬಾಕೆ ೨೦೦೧ರಿಂದ ೨೦೧೩ರವರೆಗೆ ಹದಿಮೂರು ಸಂಪುಟಗಳಲ್ಲಿ ಬರೆದ ಸೂಕಿ ಸ್ಟಾಕ್‌ಹೌಸ್ ಎಂಬ ಹೆಂಗಸಿನ ಕಥೆ. ಸೂಕಿ ಲೂಸಿಯಾನಾ ಪ್ರಾಂತದ ಸಣ್ಣ ಊರೊಂದರ ಮದ್ಯದಂಗಡಿಯಲ್ಲಿ ಗಿರಾಕಿಗಳಿಗೆ ಬಡಿಸುವವಳು. ಅವಳಿಗೊಂದು ವಿಚಿತ್ರ ಶಾಪ: ಎದುರಿಗಿದ್ದವರ ಮನಸ್ಸಿನ ಮಾತೆಲ್ಲ ಅವಳ ಕಿವಿಗೆ ಬಿದ್ದಂತೆ ಕೇಳುತ್ತದೆ. ಯಾವ ಗಂಡಸಿನ ಜೊತೆಗೂ ಅರ್ಧ ಗಂಟೆ ಕೂರುವಂತಿಲ್ಲ. ಅವನ ನಾಲಗೆ ಒಂದು ಹೇಳಿದರೆ ತಲೆ ಇನ್ನೊಂದು ಹೇಳುತ್ತಿರುತ್ತದೆ. ಒಂದು ದಿನ ಅಂಗಡಿಗೆ ರಕ್ತಪಿಶಾಚಿಯೊಬ್ಬ ಬರುತ್ತಾನೆ. ಅವನ ಮನಸ್ಸಿನಿಂದ ಏನೂ ಕೇಳುವುದಿಲ್ಲ. ನಿಶ್ಶಬ್ದ! ಅವಳು ಅವನಿಗೆ ಸೋಲುವುದು ಅವನ ಚೆಲುವಿಗಾಗಿ ಅಲ್ಲ, ಆ ನಿಶ್ಶಬ್ದದಿಂದ ದೊರೆತ ವಿಶ್ರಾಂತಿಗಾಗಿ.

ಅಲ್ಲಿ ಇನ್ನೊಂದು ನಿಯಮವುಂಟು. ಅದು ಡ್ರಾಕುಲಾನ ಕಾಲದಿಂದಲೂ ಬಂದದ್ದು. ಮನೆಯವರು ಒಳಗೆ ಕರೆಯದೆ ಪಿಶಾಚಿ ಹೊಸ್ತಿಲು ದಾಟುವಂತಿಲ್ಲ. ಹ್ಯಾರಿಸ್ ಅದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೊಯ್ದಿದ್ದಾಳೆ: ಕೊಟ್ಟ ಕರೆಯನ್ನು ಮನೆಯವಳು ಹಿಂದಕ್ಕೆ ಪಡೆಯಬಹುದು. ಒಂದು ಸಂಪುಟದ ಕೊನೆಯಲ್ಲಿ ಸಾಕುಬೇಕಾದ ಸೂಕಿ ಆ ಮಾತನ್ನು ಆಡುತ್ತಾಳೆ. ಹತ್ತು ಜನರನ್ನು ಎತ್ತಿ ಬಿಸುಡಬಲ್ಲ ಆ ಬಲಶಾಲಿ ಮರುಮಾತಿಲ್ಲದೆ ಬಾಗಿಲಿಂದ ಹೊರಗೆ ನಡೆಯಬೇಕಾಗುತ್ತದೆ. ನಮ್ಮಲ್ಲೂ ಹಿಂದೊಮ್ಮೆ ಬೆಂಗಳೂರಿನ ಬೀದಿಬೀದಿಗಳಲ್ಲಿ ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳಿಸುತ್ತಿದ್ದರಲ್ಲವೇ?

ಆ ಪುಟವನ್ನು ಅತ್ತೆ ಮೂರು ಸಲ ಓದಿದರಂತೆ. "ಒಂದೇ ಮಾತಿಗೆ ಹೊರಟುಹೋದ ಕಣೋ. ನಮ್ಮ ಕಾಲದಲ್ಲಿ ಗಂಡಸರು ಒಳಗೆ ಬಂದ್ರೆ ಎದ್ದು ಹೋಗಬೇಕಾದವರು ನಾವು. ಕೋಣೆ ನನ್ನದು, ಈಗ ಬರಬೇಡಿ ಅನ್ನೋ ಮಾತು ನನ್ನ ಬಾಯಲ್ಲಿ ಒಂದು ದಿನವೂ ಬರಲಿಲ್ಲ" ಎಂದರು. ಮಾವನವರು ಕೆಟ್ಟವರಲ್ಲ, ಹಾಗೆಂದು ಅತ್ತೆಯೇ ಒಡನೆ ಸೇರಿಸಿದರು. ಆದರೆ ಈ ಪುಸ್ತಕಗಳ ಮರ್ಮವೇನೆಂದು ನನಗೆ ತಿಳಿದದ್ದು ಆ ಮಾತಿನಿಂದ. ಓದುವ ಹೆಂಗಸರು ಹಂಬಲಿಸುವುದು ದೆವ್ವಕ್ಕಲ್ಲ, ಅಷ್ಟು ದೊಡ್ಡ ಬಲ ತಮ್ಮ ಮಾತಿಗಾಗಿ ಹೊಸ್ತಿಲಾಚೆ ಕಾದು ನಿಲ್ಲುವ ಆ ಒಂದು ಗಳಿಗೆಗೆ.

ಇದೆಲ್ಲ ಪಶ್ಚಿಮದ ಹುಚ್ಚೆಂದು ಮೂಗುಮುರಿಯುವವರು ಒಂದು ಸಂಗತಿಯನ್ನು ನೆನೆಯಬೇಕು. ನಾವು ನಾವೆಲನ್ನು 'ಕಾದಂಬರಿ' ಎನ್ನುತ್ತೇವೆ. ಏಳನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಸ್ಥಾನದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯದ ನಾಯಿಕೆಯ ಹೆಸರದು. ಅವಳು ಗಂಧರ್ವಕನ್ಯೆ. ಅವಳು ಮೆಚ್ಚಿದ ಚಂದ್ರಾಪೀಡ, ಶಾಪದಿಂದ ಭೂಮಿಗಿಳಿದ ಸಾಕ್ಷಾತ್ ಚಂದ್ರ. ಅವನ ಗೆಳೆಯ ಗಿಳಿಯಾಗಿ ಹುಟ್ಟುತ್ತಾನೆ. ರಾಜಸಭೆಯಲ್ಲಿ ಕಥೆ ಹೇಳುವುದೇ ಆ ಗಿಳಿ. ಗೆಳೆಯನ ಸಾವಿನ ಸುದ್ದಿ ಕೇಳಿ ಚಂದ್ರಾಪೀಡ ಎದೆಯೊಡೆದು ಸತ್ತ ಮೇಲೂ ಅವನ ದೇಹ ಕೆಡುವುದಿಲ್ಲ. ಕಾದಂಬರಿ ಅದನ್ನು ಉಪಚರಿಸುತ್ತ ಕಾಯುತ್ತಾಳೆ. ಕಡೆಗೆ ಅವಳ ಅಪ್ಪುಗೆಯಲ್ಲಿ ಅವನಿಗೆ ಜೀವ ಮರಳುತ್ತದೆ. ಅಮೆರಿಕದ ಯಾವ ಪ್ರಕಾಶಕನಾದರೂ ಇದನ್ನು ಇಂದೇ ಅಚ್ಚಿಗೆ ಕಳಿಸಿಯಾನು! ಬಾಣ ಕಥೆಯ ನಡುವೆಯೇ ತೀರಿಕೊಂಡ. ಮಗ ಭೂಷಣಭಟ್ಟ ಉಳಿದದ್ದನ್ನು ಬರೆದು ಮುಗಿಸಿದ. ಕನ್ನಡದಲ್ಲಿ ನಾಗವರ್ಮನು ಇದನ್ನು 'ಕರ್ಣಾಟಕ ಕಾದಂಬರಿ'ಯೆಂದು ಚಂಪುವಿಗೆ ತಂದ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕವುಂಟು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು ಅದರ ಮೂಲ. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ ಹೊರಗಿನಿಂದ ಬೀಗ ಹಾಕಿ, ಬೇರೊಬ್ಬಳ ಮನೆಗೆ ಹೋಗುತ್ತಾನೆ. ಗಂಡನನ್ನು ಒಲಿಸಿಕೊಳ್ಳಲೆಂದು ಬೇರು ಅರೆದು ಹಾಕಿದ ಸಾರನ್ನು ಅವಳು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಕುಡಿದ ನಾಗರಹಾವು ಅವಳಿಗೆ ಒಲಿದು, ರಾತ್ರಿರಾತ್ರಿ ಗಂಡನ ರೂಪದಲ್ಲೇ ಬಂದು, ಗಂಡ ಒಮ್ಮೆಯೂ ಆಡದ ಮೆದುಮಾತುಗಳನ್ನು ಆಡುತ್ತದೆ. ಅಲ್ಲಿ ಬಾಗಿಲ ಬೀಗ ರಾಣಿಯ ಕೈಯಲ್ಲಿಲ್ಲ. ಸೂಕಿಗೂ ಅವಳಿಗೂ ಇರುವ ದೂರ ಅಷ್ಟೇ; ಅದು ಸಣ್ಣ ದೂರವೂ ಅಲ್ಲ.

ದೆವ್ವವಿಲ್ಲದ, ನಮ್ಮ ಕಾಲದ ಪ್ರಣಯದ ಮಾಲೆಗಳೂ ಇವೆ. ಅವುಗಳಲ್ಲಿ ದೊಡ್ಡ ಹೆಸರು ನೋರಾ ರಾಬರ್ಟ್ಸ್ ಅವರದು. ೧೯೭೯ರ ಫೆಬ್ರವರಿಯಲ್ಲಿ ಮೇರಿಲ್ಯಾಂಡ್ ಪ್ರಾಂತದಲ್ಲಿ ಭಾರಿ ಹಿಮ ಬಿದ್ದು, ಇಬ್ಬರು ತುಂಟ ಗಂಡುಮಕ್ಕಳೊಂದಿಗೆ ಮನೆಯಲ್ಲೇ ಸಿಕ್ಕಿಕೊಂಡ ಆಕೆ, ಬೇಸರ ತಾಳಲಾರದೆ ನೋಟ್‌ಪುಸ್ತಕ ಪೆನ್ಸಿಲು ಹಿಡಿದು ಕೂತಳಂತೆ. ಮೊದಲ ಕಾದಂಬರಿ ೧೯೮೧ರಲ್ಲಿ ಅಚ್ಚಾಯಿತು. ಈಗ ಇನ್ನೂರು ದಾಟಿದೆ. ೧೯೯೮ರಲ್ಲಿ ಆರಂಭವಾದ ಅವರ ಚೆಸಪೀಕ್ ಮಾಲೆಯಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರಿದ್ದಾರೆ, ಒಂದೊಂದು ಸಂಪುಟದಲ್ಲಿ ಒಬ್ಬೊಬ್ಬರಿಗೆ ಜೊತೆ ಸಿಗುತ್ತದೆ. ಹಳೆಯ ಬೆಂಗಳೂರಿನ ವಠಾರದಂತೆ: ಈ ಸಲ ಮೂರನೆಯ ಮನೆಯ ಮದುವೆ, ಮೊದಲ ಮನೆಯವರು ಮಗುವನ್ನೆತ್ತಿಕೊಂಡು ಊಟಕ್ಕೆ ಬರುತ್ತಾರೆ. ಹಿಂದಿನ ಪುಸ್ತಕದ ದಂಪತಿಗಳು ಸುಖವಾಗಿದ್ದಾರೆಂದು ಕಣ್ಣಾರೆ ಕಾಣುವುದೇ ಓದುಗರ ಲಾಭ.

ಅಮೆರಿಕದ ವಿದುಷಿ ಜಾನಿಸ್ ರ್‍ಯಾಡ್‌ವೇ ೧೯೮೪ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಥ ಪುಸ್ತಕ ಓದುವ ಗೃಹಿಣಿಯರನ್ನೇ ಮಾತನಾಡಿಸಿದ್ದಾರೆ. ಅವರಲ್ಲಿ ಕೆಲವರು ಕೊನೆಯ ಪುಟಗಳನ್ನು ಮೊದಲೇ ಓದಿ, ಶುಭವಾಗಿ ಮುಗಿಯುತ್ತದೆಂದು ಖಚಿತವಾದ ಮೇಲೆ ಮೊದಲ ಪುಟಕ್ಕೆ ಬರುತ್ತಿದ್ದರು. ಕಥೆಗಿಂತ ಹೆಚ್ಚಾಗಿ, ಕೈಯಲ್ಲಿ ಪುಸ್ತಕವಿದ್ದಷ್ಟು ಹೊತ್ತು ಗಂಡಮಕ್ಕಳ ಕರೆಗೆ ಓಗೊಡಬೇಕಾಗಿಲ್ಲವೆಂಬುದೇ ಅವರಿಗೆ ಮುಖ್ಯವಾಗಿತ್ತು. ಮನೆಗೆ ಬಾಗಿಲಿರುವಂತೆ ಹೊತ್ತಿಗೂ ಒಂದು ಬಾಗಿಲು.

ಎಲ್ಲ ಮಾಲೆಯೂ ಓದುಗರ ಮನಸ್ಸಿಗೆ ಒಪ್ಪುವಂತೆ ಮುಗಿಯುವುದಿಲ್ಲ. ಸೂಕಿಯ ಕಡೆಯ ಸಂಪುಟ ಬಂದಾಗ, ಅವಳು ತಾವು ಬಯಸಿದವನ ಕೈ ಹಿಡಿಯಲಿಲ್ಲವೆಂದು ಅನೇಕರು ಲೇಖಕಿಯ ಮೇಲೆ ಕೆಂಡವಾದರು. ಇದನ್ನು ನಾನು ತಮಾಷೆಯಾಗಿ ಹೇಳಿದಾಗ ಅತ್ತೆ ನಗಲಿಲ್ಲ.

"ಅವರಿಗೆ ಕೋಪ ಬಂದದ್ದು ಸರಿಯೋ ತಪ್ಪೋ, ಕೊನೆ ಏನಾಯ್ತು ಅಂತ ಗೊತ್ತಾಯ್ತಲ್ಲ" ಎಂದವರು ಬಹಳ ಹೊತ್ತು ಸುಮ್ಮನಿದ್ದು, ನಾನು ಎಂದೂ ಕೇಳದ ಸಂಗತಿಯೊಂದನ್ನು ಹೇಳಿದರು.

೧೯೬೫ರಲ್ಲಿ ಅವರ ಮದುವೆ. ಆಗ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿ ಬರುತ್ತಿತ್ತು. ಮನೆಯ ಗಂಡಸರೆಲ್ಲ ಓದಿಯಾದ ಮೇಲೆ, ಅಪ್ಪನ ಕಣ್ಣು ತಪ್ಪಿಸಿ ಅಟ್ಟದ ಮೇಲೆ ಕೂತು ಇವರು ಓದುವುದು. ಮದುವೆಯ ವಾರದ ಸಂಚಿಕೆಯಲ್ಲಿ ನಾಯಿಕೆ ರೈಲ್ವೆ ನಿಲ್ದಾಣದಲ್ಲಿ ಟಿಕೇಟು ಹಿಡಿದು ನಿಂತಿದ್ದಳು, ರೈಲು ಬಂದಿತ್ತು, 'ಮುಂದುವರಿಯುವುದು.' ಗಂಡನ ಮನೆಯಲ್ಲಿ ಪತ್ರಿಕೆ ತರಿಸುವ ಪದ್ಧತಿಯಿರಲಿಲ್ಲ, ಹೊಸ ಸೊಸೆ ಕೇಳುವುದೆಂತು? ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವ ಹೊತ್ತಿಗೆ ಹಳೆಯ ಸಂಚಿಕೆಗಳೆಲ್ಲ ತೂಕಕ್ಕೆ ಹೋಗಿದ್ದವು.

"ಆಮೇಲೆ ಎಷ್ಟೋ ವರ್ಷ ಅಂಗಡಿಯಿಂದ ಬಂದ ಪೊಟ್ಟಣ ಬಿಚ್ಚಿದಾಗೆಲ್ಲ ಆ ಕಾಗದದ ಮೇಲೆ ಕಣ್ಣಾಡಿಸ್ತಿದ್ದೆ. ಬರೆದವರ ಹೆಸರೂ ಈಗ ಮರೆತುಹೋಗಿದೆ. ಅವಳು ರೈಲು ಹತ್ತಿದಳೋ ಇಲ್ಲವೋ!"

ನಾನೇನು ಹೇಳಲಿ? ಅಂದು ಸಂಜೆ ಮಗಳು ಇನ್ನೊಂದು ಪುಸ್ತಕ ತಂದಳು. ಫಿಜಿ ದ್ವೀಪದಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದ, ಭಾರತೀಯ ಮೂಲದ ನಳಿನಿ ಸಿಂಗ್ ಎಂಬಾಕೆ ೨೦೦೬ರಲ್ಲಿ ಆರಂಭಿಸಿದ ಮಾಲೆಯ ಮೊದಲನೆಯದು. ಹುಚ್ಚು, ಹಿಂಸೆಗಳಿಗೆ ಹೆದರಿ ಎಲ್ಲ ಭಾವನೆಗಳನ್ನೂ ತೊರೆದ ಜನಾಂಗವೊಂದು. ಆ ಕುಲದಲ್ಲಿ ಹುಟ್ಟಿಯೂ ಭಾವನೆಗಳನ್ನು ಅದುಮಲಾರದ ಹೆಣ್ಣೊಬ್ಬಳು. ಅವಳಿಗೆದುರಾಗಿ ಚಿರತೆಯಾಗಬಲ್ಲ ಒಬ್ಬ ಗಂಡು. ಪ್ರತಿ ಸಂಪುಟದ ಜೋಡಿಯ ಕಥೆ ಬಹುಮಟ್ಟಿಗೆ ಅಲ್ಲಲ್ಲಿಗೆ ಮುಗಿಯುತ್ತದೆ; ದೊಡ್ಡ ಕಥೆ ಮಾತ್ರ ಇಪ್ಪತ್ತು ಸಂಪುಟ ದಾಟಿಯೂ ಸಾಗಿದೆ.

"ಇದು ಇನ್ನೂ ಮುಗಿದಿಲ್ಲ, ಅಜ್ಜಿ. ನಿಮಗೆ ಆಗಲ್ಲ ಅಲ್ವಾ?" ಎಂದು ಮಗಳು ಅಳುಕುತ್ತಲೇ ಕೇಳಿದಳು.

ಅತ್ತೆ ಪುಸ್ತಕವನ್ನು ತಿರುಗಿಸಿ ಹಿಂದುಮುಂದು ನೋಡಿದರು. "ಹೊಸ ಭಾಗ ಎಷ್ಟು ದಿನಕ್ಕೊಂದು ಬರುತ್ತೆ?"

"ಹೆಚ್ಚುಕಡಿಮೆ ವರ್ಷಕ್ಕೊಂದು."

"ಬಂದ ದಿನವೇ ಮೈಸೂರಿಗೆ ಕಳಿಸ್ತೀಯೇನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕನ್ನಡಕದ ಗೂಡು ತೆರೆದರು.