ಬ್ಯಾಟರಿ ಏಕೆ ಬರಿದಾಗುತ್ತದೆ?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಪಶುವೈದ್ಯ ಪರಿವೀಕ್ಷಕರೊಬ್ಬರಿದ್ದಾರೆ. ಸುತ್ತಲ ಹಳ್ಳಿಗಳ ದನಕರುಗಳಿಗೆ ಅವರು ಆಸರೆ. ಅವರಿಗೆ ಆಸರೆ ಒಂದು ಮೋಟಾರುಸೈಕಲ್ಲು. ಹೋದ ಮಳೆಗಾಲದ ಒಂದು ಭಾನುವಾರ ರಾತ್ರಿ, ಎಮ್ಮೆಯೊಂದು ಈಯಲಾರದೆ ಒದ್ದಾಡುತ್ತಿದೆಯೆಂದು ಅವರಿಗೆ ಕರೆ ಬಂದಿತು. ಚೀಲವನ್ನು ಹೆಗಲಿಗೇರಿಸಿ ಹೊರಟರು. ಗುಂಡಿ ಒತ್ತಿದರೆ ಗಾಡಿ ‘ಟಿಕ್’ ಎಂದಿತೇ ಹೊರತು ಇಂಜಿನು ತಿರುಗಲಿಲ್ಲ. ಈಗಿನ ಅನೇಕ ಗಾಡಿಗಳಂತೆ ಅದಕ್ಕೂ ಕಿಕ್ಕರು ಇಲ್ಲ. ತಳ್ಳಿ ನೋಡಿದರು, ಅದೂ ಸಾಗಲಿಲ್ಲ. ಪಕ್ಕದವರ ಸ್ಕೂಟರನ್ನು ಬೇಡಿ ಪಡೆದು ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ.

ಒಂದು ವರ್ಷದೊಳಗೆ ಆ ಗಾಡಿಗೆ ಹಾಕಿಸಿದ ಎರಡನೆಯ ಹೊಸ ಬ್ಯಾಟರಿ ಅದು. ಮೂರನೆಯದನ್ನು ಕೊಳ್ಳಲು ಹೊರಟಿದ್ದವರನ್ನು ನಾನು ತಡೆದೆ. “ರಾಯರೇ, ತೊಟ್ಟಿಯ ನೀರು ಖಾಲಿಯಾಯಿತೆಂದು ಪ್ರತಿಸಲವೂ ತೊಟ್ಟಿಯನ್ನೇ ಬದಲಾಯಿಸುತ್ತಾರೆಯೆ?” ಎಂದೆ.

ಬ್ಯಾಟರಿಯೂ ಒಂದು ತೊಟ್ಟಿಯೇ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಅದ್ದಿ ಇದನ್ನು ಕಂಡುಹಿಡಿದ. ಇಂದಿನ ಹೆಚ್ಚಿನ ಮೋಟಾರುಸೈಕಲ್ಲುಗಳಲ್ಲಿ ಇರುವುದೂ ಇದೇ ಜಾತಿಯ ಬ್ಯಾಟರಿ. ಒಳಗೆ ಆರು ಕೋಶಗಳು. ಒಂದೊಂದರಲ್ಲಿ ಸುಮಾರು 2.1 ವೋಲ್ಟು. ತೊಟ್ಟಿ ಬರಿದಾಗಲು ಮೂರೇ ಕಾರಣ: ತೊಟ್ಟಿಯೇ ಕೆಟ್ಟಿರಬೇಕು, ಒಳಗೆ ಬರುವ ನೀರು ಸಾಲದಿರಬೇಕು, ಇಲ್ಲವೇ ಎಲ್ಲೋ ಒಂದು ನಲ್ಲಿ ಸೋರುತ್ತಿರಬೇಕು. ಯಾವುದೆಂದು ತಿಳಿಯಲು ಕೆಲವು ನೂರು ರೂಪಾಯಿಗಳ ಮಲ್ಟಿಮೀಟರು ಸಾಕು. ಹಳೆಯ ಬುಲೆಟ್ಟುಗಳಲ್ಲಿ ತಲೆದೀಪದ ಮೇಲೆಯೇ ಒಂದು ಪುಟ್ಟ ಆಮ್ಮೀಟರು ಇರುತ್ತಿತ್ತು. ಮುಳ್ಳು ಯಾವ ಕಡೆಗೆ ವಾಲಿದೆಯೆಂದು ನೋಡಿದರೆ ಬ್ಯಾಟರಿಗೆ ಬರುತ್ತಿದೆಯೋ ಹೋಗುತ್ತಿದೆಯೋ ಸವಾರನಿಗೆ ಗೊತ್ತಾಗುತ್ತಿತ್ತು. ಅದನ್ನು ಬಿಟ್ಟಿದ್ದರಿಂದ ನಮಗೆ ನಷ್ಟವೇ ಆಯಿತೆಂದು ನನ್ನ ಅಭಿಪ್ರಾಯ.

ಮೊದಲು ಬ್ಯಾಟರಿಯನ್ನು ಚಾರ್ಜು ಮಾಡಿಸಬೇಕು. ಬರಿದಾದ ಬ್ಯಾಟರಿಯನ್ನು ಪರೀಕ್ಷಿಸಿದರೆ ಅದು ಬರಿದಾಗಿದೆ ಎಂದಷ್ಟೇ ತಿಳಿಯುತ್ತದೆ. ಅದರ ಸಾಮರ್ಥ್ಯದ ಹತ್ತನೆಯ ಒಂದು ಪಾಲಿನಷ್ಟು ಪ್ರವಾಹದಲ್ಲಿ, ಎಂದರೆ 5 ಆಂಪಿಯರ್-ಗಂಟೆಯದಕ್ಕೆ ಅರ್ಧ ಆಂಪಿಯರಿನಲ್ಲಿ, ನಿಧಾನವಾಗಿ ತುಂಬಿಸುವುದು ಒಳ್ಳೆಯದು. ಆಗ ಜಲಜನಕ ಅನಿಲ ಹೊರಬರುವುದರಿಂದ ಹತ್ತಿರ ಬೀಡಿ ಹಚ್ಚಬಾರದು. ತುಂಬಿಸಿದ ಮೇಲೆ ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ 12.6 ವೋಲ್ಟು ಅಥವಾ ತುಸು ಹೆಚ್ಚು ತೋರಬೇಕು. 12.2 ಎಂದರೆ ಹೆಚ್ಚುಕಡಿಮೆ ಅರ್ಧ ತೊಟ್ಟಿ. 12ಕ್ಕಿಂತ ಕೆಳಗಿಳಿದರೆ ತಳ ಕಂಡಂತೆ. ಬಳಿಕ ಒಬ್ಬರು ಸ್ಟಾರ್ಟರು ಒತ್ತಲಿ, ಇನ್ನೊಬ್ಬರು ಮೀಟರು ನೋಡಲಿ. ಸುಮಾರು ಒಂಬತ್ತೂವರೆಗಿಂತ ಕೆಳಕ್ಕೆ ಕುಸಿದರೆ ಬ್ಯಾಟರಿಯಲ್ಲಿ ತ್ರಾಣವಿಲ್ಲವೆಂದು ತಿಳಿಯಬೇಕು. ಪರಿವೀಕ್ಷಕರ ಬ್ಯಾಟರಿ ಹತ್ತರ ಮೇಲೆಯೇ ನಿಂತಿತು. ಸ್ವಲ್ಪ ಬಳಲಿತ್ತು, ಸತ್ತಿರಲಿಲ್ಲ.

ಎರಡನೆಯದು ಒಳಹರಿವು. ಇಂಜಿನಿನೊಡನೆ ತಿರುಗುವ ಅಯಸ್ಕಾಂತವು ಸುತ್ತಲಿನ ತಂತಿಯ ಸುರುಳಿಗಳಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ, ಮಿತಿಮೀರದಂತೆ ತಡೆದು ಬ್ಯಾಟರಿಗೆ ಕಳುಹಿಸುವ ಪೆಟ್ಟಿಗೆಗೆ ನಮ್ಮ ಮೆಕ್ಯಾನಿಕ್ಕುಗಳು ಆರ್.ಆರ್. ಯೂನಿಟ್ ಎನ್ನುತ್ತಾರೆ. ಇಂಜಿನನ್ನು ಚೆನ್ನಾಗಿ ಓಡಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆದಾಗ 13.5ರಿಂದ 14.5ರ ನಡುವೆ ಇದ್ದರೆ ಸರಿ. ವೇಗ ಹೆಚ್ಚಿಸಿದರೂ ಹನ್ನೆರಡೂವರೆಯಲ್ಲೇ ನಿಂತರೆ ಸುರುಳಿಯನ್ನೋ, ಪೆಟ್ಟಿಗೆಯನ್ನೋ, ಅವೆರಡರ ನಡುವಿನ ಕನೆಕ್ಟರನ್ನೋ ಶಂಕಿಸಬೇಕು. ಪ್ಲಾಸ್ಟಿಕ್ಕು ಕಂದಿ ಕರಗಿದ ಕನೆಕ್ಟರು ಎಷ್ಟೋ ಸಲ ತಾನಾಗಿಯೇ ತಪ್ಪೊಪ್ಪಿಕೊಳ್ಳುತ್ತದೆ. ಹದಿನೈದನ್ನು ಮೀರಿದರೂ ಕೇಡೇ. ಒಳಗಿನ ನೀರು ಆವಿಯಾಗಿ ಫಲಕಗಳು ಒಣಗುತ್ತವೆ. ಇಂಜಿನು ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು ‘ನೋಡುವ’ ಹಳೆಯ ಚಾಳಿಯೊಂದಿದೆ. ಈಗಿನ ಗಾಡಿಗಳಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಏರುವ ವೋಲ್ಟೇಜಿಗೆ ದುಬಾರಿಯಾದ ಕಂಪ್ಯೂಟರ್ ಪೆಟ್ಟಿಗೆಯೇ ಸುಟ್ಟುಹೋದೀತು.

ಕೆಲವೊಮ್ಮೆ ಯಂತ್ರದಲ್ಲಿ ದೋಷವಿರುವುದಿಲ್ಲ, ನಮ್ಮ ಓಡಾಟದಲ್ಲಿರುತ್ತದೆ. 2017ರ ಏಪ್ರಿಲಿನಿಂದ ಭಾರತದಲ್ಲಿ ಬರುವ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಇಂಜಿನು ಓಡುವವರೆಗೂ ಉರಿಯುತ್ತಲೇ ಇರುತ್ತದೆ. 35 ವಾಟಿನ ದೀಪಕ್ಕೆ ಸುಮಾರು 3 ಆಂಪಿಯರು ಬೇಕು. ದಿನಕ್ಕೆ ಹತ್ತು ಸಲ ಸ್ಟಾರ್ಟರು ಒತ್ತಿ, ಒಂದೊಂದು ಸಲಕ್ಕೂ ಅಂಗಡಿಯವರೆಗೆ ಮಾತ್ರ ಓಡಿಸುವವರ ಬ್ಯಾಟರಿಗೆ ತೆತ್ತದ್ದು ತಿರುಗಿ ಬರುವುದಿಲ್ಲ. ನಮ್ಮ ಪರಿವೀಕ್ಷಕರಾದರೋ ದಿನಕ್ಕೆ ನಲವತ್ತು ಐವತ್ತು ಮೈಲಿ ಸುತ್ತುವವರು. ಮೀಟರಿನಲ್ಲಿ 14.2 ಕಂಡಿತು. ಈ ದಾರಿಯೂ ಮುಚ್ಚಿತು.

ಆಗ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: “ಯಾವ ದಿನ ಕೈಕೊಡುತ್ತದೆ?” ಅವರು ನೆನೆದು ನೆನೆದು ಹೇಳಿದರು: “ಸೋಮವಾರ ಬೆಳಗ್ಗೆಯೇ ಹೆಚ್ಚು. ಉಳಿದ ದಿನ ತಂಟೆಯಿಲ್ಲ.” ಶನಿವಾರ ಮಧ್ಯಾಹ್ನ ನಿಲ್ಲಿಸಿದ ಗಾಡಿಯನ್ನು ಅವರು ಸೋಮವಾರವೇ ಮುಟ್ಟುವುದು. ಹಾಗಾದರೆ ನಿಂತಾಗಲೇ ಸೋರುತ್ತಿದೆ!

ಸೋರಿಕೆಯನ್ನು ಹಿಡಿಯುವ ಬಗೆ ಹೀಗೆ. ಬೀಗದಕೈಯನ್ನು ತೆಗೆದು, ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಬೇಕು. ಯಾವಾಗಲೂ ಋಣವನ್ನು ಮೊದಲು ಬಿಚ್ಚಿ ಕೊನೆಗೆ ಜೋಡಿಸಬೇಕು; ಇಲ್ಲವಾದರೆ ಸ್ಪ್ಯಾನರು ಚೌಕಟ್ಟಿಗೆ ತಗಲಿ ಕಿಡಿ ಹಾರುತ್ತದೆ. ಮೀಟರನ್ನು 10 ಆಂಪಿಯರಿನ ಮನೆಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ತುದಿಗೂ ಇನ್ನೊಂದನ್ನು ಬಿಚ್ಚಿದ ತಂತಿಗೂ ಹಿಡಿಯಬೇಕು. ಆಗ ಬೀಗದಕೈಯನ್ನೂ ತಿರುಗಿಸಬಾರದು, ಸ್ಟಾರ್ಟರನ್ನೂ ಒತ್ತಬಾರದು. ಮೀಟರಿನ ಫ್ಯೂಸು ಹೋಗುತ್ತದೆ. ಗಡಿಯಾರ ಮೊದಲಾದವುಗಳಿಗಾಗಿ ಒಂದೆರಡು ಮಿಲಿಆಂಪಿಯರು ಹರಿದರೆ ಚಿಂತೆಯಿಲ್ಲ. ನಮಗೆ ಕಂಡದ್ದು 60 ಮಿಲಿಆಂಪಿಯರು. ಲೆಕ್ಕ ಹಾಕಿ: ನಲವತ್ತು ಗಂಟೆಗೆ 2.4 ಆಂಪಿಯರ್-ಗಂಟೆ, ಐದರ ತೊಟ್ಟಿಯಲ್ಲಿ ಹತ್ತಿರ ಹತ್ತಿರ ಅರ್ಧ. ದಿನನಿತ್ಯದ ಓಡಾಟ ಒಂದು ರಾತ್ರಿಯ ಸೋರಿಕೆಯನ್ನು ತುಂಬಿಕೊಡುತ್ತಿತ್ತು. ಒಂದೂವರೆ ದಿನದ್ದನ್ನು ತುಂಬಿಕೊಡುವವರಿರಲಿಲ್ಲ.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆವು. ಯಾವುದನ್ನು ಕಿತ್ತಾಗ ಅಂಕಿ ಇಳಿಯುವುದೋ ಆ ಸಾಲಿನಲ್ಲಿ ಕಳ್ಳನಿರುತ್ತಾನೆ. ಎಲ್ಲವನ್ನೂ ಕಿತ್ತರೂ ಅರುವತ್ತು ಅರುವತ್ತಾಗಿಯೇ ಉಳಿಯಿತು. ಅರ್ಥಾತ್ ಫ್ಯೂಸಿನ ಪೆಟ್ಟಿಗೆಯನ್ನು ಮುಟ್ಟದೆ ನೇರವಾಗಿ ಬ್ಯಾಟರಿಯಿಂದಲೇ ಹೊರಟ ತಂತಿಯೊಂದಿರಬೇಕು. ಇತ್ತು! ಹಿಡಿಯ ಬಳಿ ಮೊಬೈಲನ್ನು ಚಾರ್ಜು ಮಾಡಲು ಹಾಕಿಸಿದ ಸಾಕೆಟ್ಟು. ಅದರ ಮುಚ್ಚಳ ಕಳೆದುಹೋಗಿ ಮಳೆನೀರು ಇಳಿದು, ಒಳಗೆ ಹಸಿರು ಕಿಲುಬು ಕಟ್ಟಿತ್ತು. ಅದರ ತಂತಿ ಬಿಚ್ಚಿದೊಡನೆ ಮೀಟರು ಒಂದಕ್ಕಿಳಿಯಿತು.

ಸೋರಿಕೆಯಿಂದ ಬ್ಯಾಟರಿಗೆ ಆಗುವ ಕೇಡು ಅಂದಂದಿಗೆ ಮುಗಿಯುವುದಿಲ್ಲ. ಬರಿದಾಗಿ ನಿಂತ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾದ ಹರಳುಗಟ್ಟುತ್ತದೆ; ಮತ್ತೆ ಚಾರ್ಜು ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ತೊಟ್ಟಿಯ ತಳದಲ್ಲಿ ಹೂಳು ತುಂಬಿದಂತೆ, ಹಿಡಿಯುವುದು ಕಡಿಮೆಯಾಗುತ್ತ ಬರುತ್ತದೆ. ಮೊದಲನೆಯ ಬ್ಯಾಟರಿ ಸತ್ತದ್ದು ಹೀಗೆ. ಎರಡನೆಯದು ಅದೇ ಹಾದಿ ಹಿಡಿದಿತ್ತು. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಗೆರೆಯವರೆಗೆ ಹಾಕಬೇಕು. ಆಮ್ಲ ಬೇಡ, ಬಾವಿಯ ನೀರು ಬೇಡವೇ ಬೇಡ. ಮುಚ್ಚಿದ ಬಗೆಯದನ್ನು ತೆರೆಯಲು ಹೋಗಬಾರದು.

ಪರಿವೀಕ್ಷಕರು ಹೊಸ ಸಾಕೆಟ್ಟನ್ನು ಹಾಕಿಸಿಕೊಂಡಿದ್ದಾರೆ. ಕರೆಗಳು ಬರುವುದೇ ಮೊಬೈಲಿನಲ್ಲಾದ್ದರಿಂದ ಅದಿಲ್ಲದೆ ಅವರಿಗೆ ನಡೆಯದು. ಈ ಸಲ ತಂತಿಯನ್ನು ಒಂದು ಫ್ಯೂಸಿನ ಮೂಲಕ, ಬೀಗದಕೈ ತೆಗೆದರೆ ಸತ್ತುಹೋಗುವ ಸರ್ಕೀಟಿನಿಂದ ಎಳೆಸಿದ್ದಾರೆ. ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಮೀಟರು ಹಿಡಿದು ನೋಡುತ್ತಾರೆ. ಹೋದ ವಾರ ನಾನು ಹೋದಾಗ 12.6 ಇತ್ತು.