ಊರಿನ ಪ್ರಯಾಣ: ಉಳಿತಾಯ ಎಲ್ಲಿ, ವೆಚ್ಚ ಎಲ್ಲಿ?



ಅಮೆರಿಕದಿಂದ ಬೆಂಗಳೂರಿಗೆ ಹೊರಡುವಾಗ ಟಿಕೆಟ್ಟಿನಲ್ಲಿ ನೂರು ಡಾಲರ್ ಉಳಿಸಲು ವಾರಗಟ್ಟಲೆ ಹುಡುಕುವ ನಾವು, ಪ್ರಯಾಣ ವಿಮೆಯನ್ನು ಮರೆಯುತ್ತೇವೆ. ಹಿರಿಯರ ಮೆಡಿಕೇರ್ ಸಾಮಾನ್ಯವಾಗಿ ಭಾರತದಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಭರಿಸುವುದಿಲ್ಲ. ಆದ್ದರಿಂದ ವಿಮೆ ಕೊಳ್ಳಿರಿ. ಮೊದಲೇ ಇರುವ ಕಾಯಿಲೆಗಳಿಗೂ ಅದು ಅನ್ವಯಿಸುವುದೇ ಎಂದು ಓದಿ ನೋಡಿರಿ.

ಔಷಧಿಗಳೂ ವೈದ್ಯರ ಚೀಟಿಯೂ ಕೈಚೀಲದಲ್ಲಿಯೇ ಇರಲಿ. ಒಮ್ಮೆ ನನ್ನ ತಾಯಿಯವರ ಪೆಟ್ಟಿಗೆ ಮೂರು ದಿನ ತಡವಾಗಿ ತಲುಪಿತು. ಇನ್ಸುಲಿನ್ ಅದರಲ್ಲಿತ್ತು; ಅಲ್ಲಿರಿಸಿದವನು ವೈದ್ಯನಾದ ನಾನೇ! ಸರಕಿನ ಕೋಣೆಯ ಚಳಿಗೆ ಹೆಪ್ಪುಗಟ್ಟಿದರೆ ಇನ್ಸುಲಿನ್ ನಿರುಪಯುಕ್ತ.

ನಾಲ್ಕು ಗಂಟೆ ಮೀರಿ ಕುಳಿತು ಪ್ರಯಾಣಿಸಿದರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿತು. ಆಗಾಗ ಎದ್ದು ನಡೆದಾಡಿರಿ. ಈ ಮದ್ದಿಗೆ ಕಾಸಿನ ಖರ್ಚಿಲ್ಲ.

ಪ್ರಯಾಣ ಸುಖಕರವಾಗಲಿ.