ಪರದೆಯೊಳಗಿನ ಚಾಕುವಿಗೆ ನ್ಯಾಯವಾದ ಬೆಲೆ ಎಷ್ಟು?

ಕೈಯಲ್ಲಿ ಹಿಡಿಯಲಾಗದ, ಕಪಾಟಿನಲ್ಲಿ ಇಡಲಾಗದ ಚಾಕುವೊಂದಕ್ಕೆ ಸಾವಿರಾರು ರೂಪಾಯಿ ತೆರುವವರಿದ್ದಾರೆ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಅಮೆರಿಕದ ವಾಲ್ವ್ ಸಂಸ್ಥೆಯ ‘ಕೌಂಟರ್-ಸ್ಟ್ರೈಕ್’ ಆಟದಲ್ಲಿ ಇಂತಹ ವ್ಯಾಪಾರ 2013ರ ಆಗಸ್ಟ್‌ನಿಂದ ನಡೆದುಬಂದಿದೆ. ಆಟದ ಆಯುಧಗಳಿಗೆ ತೊಡಿಸುವ ಬಣ್ಣದ ಹೊದಿಕೆಗೆ ‘ಸ್ಕಿನ್’ ಎಂದು ಹೆಸರು. ಇದರಿಂದ ಆಟಗಾರನ ಬಲ ಎಳ್ಳಷ್ಟೂ ಹೆಚ್ಚದು. ಹೆಚ್ಚುವುದು ಅಂದ ಮಾತ್ರ. ಆದರೂ ಕೆಲವು ಅಪರೂಪದ ಸ್ಕಿನ್‌ಗಳ ಬೆಲೆ ಲಕ್ಷ ರೂಪಾಯಿಯನ್ನು ದಾಟುತ್ತದೆ. ಈ ವ್ಯವಹಾರಕ್ಕಿಳಿಯುವವರಲ್ಲಿ ವಿದ್ಯಾರ್ಥಿಗಳೂ ಇರುವುದರಿಂದ, ಬೆಲೆ ನಿಗದಿಯಾಗುವ ಬಗೆಯನ್ನು ಪೋಷಕರೂ ಅರಿತಿರುವುದು ಒಳಿತು.

ಅಪರೂಪ ಹುಟ್ಟುವ ಬಗೆ

ಸ್ಕಿನ್‌ಗಳು ಬಹುಮಟ್ಟಿಗೆ ಮುಚ್ಚಿದ ಪೆಟ್ಟಿಗೆಗಳಿಂದ ಬರುತ್ತವೆ. ಪೆಟ್ಟಿಗೆ ತೆರೆಯುವ ಕೀಲಿಯ ಬೆಲೆ 2.49 ಡಾಲರ್. ಚೀನಾದಲ್ಲಿ 2017ರಲ್ಲಿ ಪ್ರಕಟವಾದ ಅಂಕಿಗಳ ಪ್ರಕಾರ ಸಾಮಾನ್ಯವಾದ ನೀಲಿ ದರ್ಜೆಯ ವಸ್ತು ದೊರೆಯುವ ಸಾಧ್ಯತೆ ಶೇ. 79.92; ಕೆಂಪು ದರ್ಜೆಯದು ಶೇ. 0.64, ಚಾಕುವಿನಂತಹ ಅತಿ ವಿರಳ ವಸ್ತುವಿನದು ಕೇವಲ ಶೇ. 0.26. ಎಂದರೆ ಸರಾಸರಿ 385 ಪೆಟ್ಟಿಗೆಗಳಿಗೆ ಒಂದು. ಕೀಲಿಗಳಿಗೇ ಸುಮಾರು 958 ಡಾಲರ್ ತಗಲುತ್ತದೆ. ಆದರೆ ತಗಲಿದ ವೆಚ್ಚವೇ ಬೆಲೆಯಲ್ಲ. ಇದಕ್ಕಿಂತ ಎಷ್ಟೋ ಅಗ್ಗವಾಗಿ ಮಾರಾಟವಾಗುವ ಚಾಕುಗಳು ಹಲವಿವೆ. ಬೇಡಿಕೆಯಿಲ್ಲದ ಅಪರೂಪಕ್ಕೆ ಮಾರುಕಟ್ಟೆಯಲ್ಲಿ ಮನ್ನಣೆಯಿಲ್ಲ.

ಹೆಸರು ಒಂದೇ, ಬೆಲೆ ಹಲವು

ಪ್ರತಿ ಸ್ಕಿನ್‌ಗೂ ಹುಟ್ಟುವಾಗಲೇ 0ಯಿಂದ 1ರ ನಡುವಿನ ಸವಕಳಿ ಸಂಖ್ಯೆಯೊಂದು ಅಂಟಿಕೊಳ್ಳುತ್ತದೆ. ಎಷ್ಟೇ ಆಡಿದರೂ ಅದು ಬದಲಾಗದು. 0.07ಕ್ಕಿಂತ ಕಡಿಮೆಯಿದ್ದರೆ ‘ಫ್ಯಾಕ್ಟರಿ ನ್ಯೂ’, 0.45ನ್ನು ಮೀರಿದರೆ ‘ಬ್ಯಾಟಲ್-ಸ್ಕಾರ್ಡ್’. ‘ಕೇಸ್ ಹಾರ್ಡನ್ಡ್’ ಎಂಬ ಸ್ಕಿನ್‌ನಲ್ಲಿ ವಿನ್ಯಾಸವೂ ಮುಖ್ಯ. ನೀಲಿ ಬಣ್ಣ ಹೆಚ್ಚು ಹರಡಿರುವ ಪ್ರತಿಗೆ ಉಳಿದವುಗಳ ಹಲವು ಪಟ್ಟು ಬೆಲೆ. ಅಂಟಿಸಿದ ಸ್ಟಿಕ್ಕರ್‌ಗೆ ಮಾತ್ರ ಪೂರ್ಣ ಬೆಲೆ ಸಿಗದು. ಕಿತ್ತರೆ ಅದು ನಾಶವಾಗುವುದೇ ಇದಕ್ಕೆ ಕಾರಣ.

ಲೆಕ್ಕ ಹಾಕುವ ಕ್ರಮ

ಮೊದಲನೆಯದಾಗಿ, ಮಾರುವವನು ಕೇಳುವ ಬೆಲೆಯನ್ನು ಬದಿಗಿಟ್ಟು, ಅದೇ ದರ್ಜೆಯ ವಸ್ತುವಿಗೆ ಕೊಳ್ಳುವವರು ನಿಜವಾಗಿ ಕೊಟ್ಟ ಬೆಲೆಯನ್ನು ನೋಡಬೇಕು. ಇತ್ತೀಚಿನ ಐದು ಮಾರಾಟಗಳು 9,000, 9,200, 9,300, 9,600 ಮತ್ತು 18,000 ರೂಪಾಯಿಗೆ ನಡೆದಿವೆ ಎಂದಿಟ್ಟುಕೊಳ್ಳೋಣ. ಸರಾಸರಿ 11,020 ಆಗುತ್ತದೆ. ಆದರೆ ಐದರಲ್ಲಿ ನಾಲ್ಕು ಮಂದಿ ಅಷ್ಟು ಕೊಟ್ಟೇ ಇಲ್ಲ! ಏರಿಕೆಯ ಕ್ರಮದಲ್ಲಿ ನಡುವೆ ನಿಲ್ಲುವ 9,300 ರೂಪಾಯಿಯೇ ಹೆಚ್ಚು ವಿಶ್ವಾಸಾರ್ಹ. ಉಳಿದ ಒಂದು ವಿಶೇಷ ವಿನ್ಯಾಸದ್ದಿರಬಹುದು, ಇಲ್ಲವೇ ಬೆಲೆ ಏರಿಸಲೆಂದೇ ನಡೆಸಿದ ಹುಸಿ ಮಾರಾಟವಿರಬಹುದು.

ಎರಡನೆಯದಾಗಿ, ಈಗ ಹಣ ಹಿಡಿದು ಕಾದಿರುವವರು ನೀಡಲು ಸಿದ್ಧರಿರುವ ಅತಿ ಹೆಚ್ಚಿನ ಮೊತ್ತವನ್ನು ಗಮನಿಸಬೇಕು. ತಕ್ಷಣ ಮಾರಬೇಕಾದವನಿಗೆ ದಕ್ಕುವುದು ಅಷ್ಟೇ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಕೈಬದಲಾಗುವ ವಸ್ತುವಾದರೆ ಹಳೆಯ ಮಾರಾಟದ ದರ ಬರಿಯ ಸೂಚನೆ. ತಕ್ಕ ಗಿರಾಕಿ ಬರುವ ತನಕ ಕಾಯಬೇಕಾಗುತ್ತದೆ.

ಮೂರನೆಯದು ಶುಲ್ಕ. ಒಡವೆ ಮಾರುವಾಗ ತೇಮಾನು ಕಳೆಯುವಂತೆ ಇಲ್ಲಿಯೂ ಕಡಿತ ಉಂಟು. ವಾಲ್ವ್‌ನ ‘ಸ್ಟೀಮ್’ ಮಾರುಕಟ್ಟೆಯಲ್ಲಿ ಮಾರಾಟಗಾರನಿಗೆ ಸೇರುವ ಮೊತ್ತದ ಮೇಲೆ ಶೇ. 15ರಷ್ಟು ಶುಲ್ಕವಿದೆ. ಕೊಳ್ಳುವವನು 11,500 ರೂಪಾಯಿ ತೆತ್ತರೆ ಮಾರಿದವನಿಗೆ 10,000 ದೊರೆಯುತ್ತದೆ. ಆ ಹಣವನ್ನೂ ಬ್ಯಾಂಕಿಗೆ ವರ್ಗಾಯಿಸುವಂತಿಲ್ಲ. ಸ್ಟೀಮ್‌ನಲ್ಲಿಯೇ ವೆಚ್ಚ ಮಾಡಬೇಕು. ಆದ್ದರಿಂದಲೇ ನಗದು ನೀಡುವ ಹೊರಗಿನ ತಾಣಗಳಲ್ಲಿ ಅದೇ ವಸ್ತುವಿನ ದರ ಸಾಮಾನ್ಯವಾಗಿ ಕಡಿಮೆ. ಎರಡೂ ದರಗಳನ್ನು ಬೆರೆಸಿ ಲೆಕ್ಕ ಹಾಕುವುದು ಹೊಸಬರು ಮೋಸಹೋಗುವ ದಾರಿ.

ನಿಯಮ ಬದಲಾದರೆ?

ಇಷ್ಟೆಲ್ಲ ಲೆಕ್ಕವನ್ನೂ ತಲೆಕೆಳಗು ಮಾಡಬಲ್ಲ ಶಕ್ತಿ ಆಟದ ಒಡೆಯನಿಗಿದೆ. 2025ರ ಅಕ್ಟೋಬರ್‌ನಲ್ಲಿ ಇದು ಸ್ಪಷ್ಟವಾಯಿತು. ಐದು ಕೆಂಪು ದರ್ಜೆಯ ಸ್ಕಿನ್‌ಗಳನ್ನು ಕೊಟ್ಟು ಒಂದು ಚಾಕು ಅಥವಾ ಕೈಗವಸು ಪಡೆಯಲು ವಾಲ್ವ್ ಅವಕಾಶ ನೀಡಿತು. ಪೆಟ್ಟಿಗೆಯ ಅದೃಷ್ಟವೊಂದನ್ನೇ ಅವಲಂಬಿಸಿದ್ದ ಚಾಕುವಿಗೆ ಹೊಸ ದಾರಿ ತೆರೆದುದರಿಂದ ಅನೇಕ ಚಾಕುಗಳ ಬೆಲೆ ಕುಸಿಯಿತು. ಕೆಂಪು ಸ್ಕಿನ್‌ಗಳ ಬೆಲೆ ಜಿಗಿಯಿತು. ಹಿಂದಿನ ದಿನ ನ್ಯಾಯವಾಗಿದ್ದ ಬೆಲೆ ಮರುದಿನ ದುಬಾರಿಯಾಗಿತ್ತು. ಈ ವಸ್ತುಗಳು ಆಟಗಾರನ ಸ್ವಂತ ಆಸ್ತಿಯಲ್ಲ, ಬಳಕೆಯ ಪರವಾನಗಿ ಮಾತ್ರ ಎಂದು ಸ್ಟೀಮ್‌ನ ಒಪ್ಪಂದವೂ ಹೇಳುತ್ತದೆ.

ಹೀಗಾಗಿ ನ್ಯಾಯವಾದ ಬೆಲೆಯೆಂದರೆ ಸಮಾನ ವಸ್ತುವಿಗೆ ಇತ್ತೀಚೆಗೆ ಹಲವರು ಕೊಟ್ಟ ಮೊತ್ತ. ಮಾರುವವನು ಅದರಲ್ಲಿ ಶುಲ್ಕವನ್ನು ಕಳೆದು ನೋಡಬೇಕು. ಕೊಳ್ಳುವವನು ನಿಯಮ ಬದಲಾವಣೆಯ ಅಪಾಯವನ್ನೂ ಅಳೆಯಬೇಕು. ಅಂದಕ್ಕೆ ಮನಸೋತು ಕೊಳ್ಳುವುದಾದರೆ, ಕಳೆದುಕೊಂಡರೂ ಕೊರಗದಷ್ಟು ಹಣವೇ ಮಿತಿ. ಉಳಿತಾಯವೆಂದು ಭಾವಿಸಿ ಕಾಲೇಜು ಶುಲ್ಕದ ಹಣವನ್ನು ಇದರಲ್ಲಿ ತೊಡಗಿಸುವುದು ಮಾತ್ರ ಸಲ್ಲದು.